ಡಿಕ್ರಿ ಕಾಗದ ಎಲ್ಲಿದೆ? – ಸೂರತ್ ಕೋರ್ಟಿನಲ್ಲಿ ವಿಚ್ಛೇದನ ದಾಖಲೆ ಹುಡುಕುವವರಿಗೆ ಒಂದಿಷ್ಟು ದಾರಿ

ಸಚಿನ್ (ಸೂರತ್): ಮದುವೆಯ ಆಲ್ಬಮ್ಮನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುವ ಮನೆಗಳಲ್ಲಿ, ಮುರಿದು ಬಿದ್ದ ಮದುವೆಯ ಕಾಗದ ಎಲ್ಲಿದೆ ಎಂದು ಕೇಳಿದರೆ ಉತ್ತರ ಬೇಗ ಸಿಗುವುದಿಲ್ಲ. ಕಣ್ಣಿಗೆ ಬೀಳದಿರಲಿ ಎಂದು ಯಾವುದೋ ಟ್ರಂಕಿನ ತಳಕ್ಕೆ ಹಾಕಿದ್ದು, ಮನೆ ಬದಲಾಯಿಸುವಾಗ ಕೈತಪ್ಪಿದ್ದು, 'ಆ ವಿಷಯ ಇನ್ನು ಬೇಡ' ಎಂದು ಹಿರಿಯರೇ ಹರಿದು ಹಾಕಿದ್ದು, ಹೀಗೆ ನಾನಾ ಕಥೆಗಳು. ಹತ್ತಿಪ್ಪತ್ತು ವರ್ಷ ಕಳೆದು ಒಂದು ದಿನ ಪಿಂಚಣಿ ಕಚೇರಿಯ ಕಿಟಕಿಯಲ್ಲೋ, ಹುಬ್ಬಳ್ಳಿಯಿಂದ ಬಂದ ಹೊಸ ಸಂಬಂಧದವರ ಎದುರಿನಲ್ಲೋ 'ಡಿಕ್ರಿಯ ಪ್ರತಿ ಕೊಡಿ' ಎಂಬ ಮಾತು ಬಂದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ತೊಂದರೆ ಇಮ್ಮಡಿ. ಮದುವೆ ಆದದ್ದು ಊರಿನಲ್ಲಿ, ಸಂಸಾರ ಹೂಡಿದ್ದು ಗುಜರಾತಿನಲ್ಲಿ, ಕೇಸು ನಡೆದದ್ದು ಗುಜರಾತಿ ಭಾಷೆಯಲ್ಲಿ, ಕಾಗದ ಬೇಕಾಗಿರುವುದು ಮತ್ತೆ ಊರಿನ ಕಚೇರಿಯಲ್ಲಿ.

ಸೂರತ್‌ನ ತುಳು-ಕನ್ನಡಿಗರಿಗೆ ಸಚಿನ್ ಎಂದರೆ ಜಿಐಡಿಸಿ, ಡೈಯಿಂಗ್ ಮಿಲ್ಲುಗಳು, 2000ದಲ್ಲಿ ಶುರುವಾದ ವಿಶೇಷ ಆರ್ಥಿಕ ವಲಯ, ಮತ್ತು ಭೇಸ್ತಾನ್ – ಮರೋಲಿ ನಡುವಿನ ರೈಲು ನಿಲ್ದಾಣ. ಹಿಂದೆ ಇದೊಂದು ಪುಟ್ಟ ಸಂಸ್ಥಾನ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಂತೆಯೇ ಆಫ್ರಿಕಾ ಮೂಲದ ಸಿದ್ದಿ ನವಾಬರು 1948ರವರೆಗೆ ಇದನ್ನು ಆಳಿದರು. 2020ರಲ್ಲಿ ಸಚಿನ್ ಸೂರತ್ ಮಹಾನಗರಪಾಲಿಕೆಗೆ ಸೇರಿತು. ಇಲ್ಲಿಯವರ ಕೌಟುಂಬಿಕ ವ್ಯಾಜ್ಯಗಳಿಗೆ ಈಗ ದಾರಿ ಒಂದೇ, ಉಧನಾ ದಾಟಿ ಸೂರತ್ ನಗರದ ಕೋರ್ಟಿಗೆ.

ನೆರೆಯಲ್ಲಿ ಹೋದ ಕಾಗದ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಪಶ್ಚಿಮ ರೈಲ್ವೆಯಲ್ಲಿ ನೌಕರ. ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಸೂರತ್‌ನ ಅಡಾಜಣ್‌ನಲ್ಲೇ ಉಳಿದವರು. ಮಗಳ ಮದುವೆ ಕೈಗೂಡದೆ 2003ರಲ್ಲಿ ಸೂರತ್ ಕೋರ್ಟಿನಲ್ಲಿ ವಿಚ್ಛೇದನ ಆಯಿತು. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯ ದಂಡೆ ಮೀರಿ ಅಡಾಜಣ್, ರಾಂದೇರ್ ಸೇರಿ ನಗರದ ಬಹುಭಾಗವನ್ನು ಮುಳುಗಿಸಿತಲ್ಲ, ಆಗ ಕೆಳಮಹಡಿಯ ಮನೆಯಲ್ಲಿದ್ದ ಟ್ರಂಕು ಕೆಸರಾಯಿತು. ರೇಷನ್ ಕಾರ್ಡು, ಅಂಕಪಟ್ಟಿಗಳನ್ನು ಹೇಗೋ ಮತ್ತೆ ಮಾಡಿಸಿಕೊಂಡರು. ಡಿಕ್ರಿಯನ್ನು ಯಾರೂ ನೆನೆಯಲಿಲ್ಲ. ಆಮೇಲೆ ಸಚಿನ್‌ಗೆ ಬಂದು ಬಾಡಿಗೆ ಮನೆ ಹಿಡಿದರು. 2012ರಲ್ಲಿ ತಂದೆ, 2021ರಲ್ಲಿ ತಾಯಿ ತೀರಿಕೊಂಡರು. ತಾಯಿಗೆ ಬರುತ್ತಿದ್ದ ಕುಟುಂಬ ಪಿಂಚಣಿ ನಿಂತಿತು. ಮಗಳಿಗೆ ಈಗ ಐವತ್ತು ದಾಟಿದೆ. ಹೊಲಿಗೆಯಿಂದ ಬರುವ ಪುಡಿಗಾಸು ಬಿಟ್ಟರೆ ಬೇರೆ ಆದಾಯವಿಲ್ಲ.

ಈ ಮಗಳಿಗೆ ಪಿಂಚಣಿ ಸಿಗುತ್ತದೆಯೇ? ಸಿಗಬಹುದು. ಕೇಂದ್ರ ಸರಕಾರದ ಮತ್ತು ರೈಲ್ವೆಯ ನೌಕರರ ವಿಚ್ಛೇದಿತ ಪುತ್ರಿಗೆ, ಆಕೆ ತಂದೆ-ತಾಯಿಯ ಆಶ್ರಯದಲ್ಲಿದ್ದರೆ, 25 ವರ್ಷ ದಾಟಿದ ಮೇಲೂ ಕುಟುಂಬ ಪಿಂಚಣಿಯ ಹಕ್ಕುಂಟು. ಮರುಮದುವೆ ಆಗಿರಬಾರದು, ಆದಾಯ ಕನಿಷ್ಠ ಕುಟುಂಬ ಪಿಂಚಣಿಯಾದ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗೆ ಇರಬೇಕು. ಇದಕ್ಕಿಂತ ಮುಖ್ಯವಾದ ಮತ್ತೊಂದು ಷರತ್ತು ಇದೆ: ತಂದೆ ಅಥವಾ ತಾಯಿ ಬದುಕಿದ್ದಾಗಲೇ ವಿಚ್ಛೇದನ ಆಗಿರಬೇಕು. 2017ರ ಜುಲೈನಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಅವರು ಬದುಕಿದ್ದಾಗ ಕೋರ್ಟಿನಲ್ಲಿ ಅರ್ಜಿ ದಾಖಲಾಗಿದ್ದರೂ ಸಾಕು, ಡಿಕ್ರಿ ಆಮೇಲೆ ಬಂದರೂ ಅಡ್ಡಿಯಿಲ್ಲ ಎಂದು ಆದೇಶವಾಯಿತು.

ಅಂದರೆ ಎಲ್ಲವೂ ನಿಂತಿರುವುದು ಒಂದು ತಾರೀಕಿನ ಮೇಲೆ. ನೆರೆಹೊರೆಯವರ ಸಾಕ್ಷಿ, ಸಂಘದ ಪತ್ರ, ಇಪ್ಪತ್ತು ವರ್ಷ ತವರಿನಲ್ಲೇ ಇದ್ದಾಳೆ ಎಂಬ ಲೋಕರೂಢಿ, ಇವು ಯಾವುವೂ ಆ ತಾರೀಕನ್ನು ಸಾಬೀತು ಮಾಡಲಾರವು. ಕೋರ್ಟಿನ ಮುದ್ರೆ ಇರುವ ಪ್ರತಿ ಬೇಕು.

ವಿಚ್ಛೇದನಕ್ಕೆ 'ಸರ್ಟಿಫಿಕೇಟ್' ಇಲ್ಲ

ಹಲವರು ಮೊದಲು ಹೋಗುವುದು ಮಹಾನಗರಪಾಲಿಕೆಗೆ. ಜನನ, ಮರಣ, ಮದುವೆಗೆ ಅಲ್ಲಿ ಸರ್ಟಿಫಿಕೇಟ್ ಸಿಗುತ್ತದೆ, ಇದಕ್ಕೂ ಸಿಕ್ಕೀತು ಎಂಬ ಎಣಿಕೆ. ಅಲ್ಲಿ ಅದು ಸಿಗುವುದಿಲ್ಲ. ಅಮೆರಿಕದಲ್ಲಿ ಆಯಾ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಗೆ ಹೋಗಿ ಶುಲ್ಕ ಕೊಟ್ಟರೆ ವಿಚ್ಛೇದನದ ದಾಖಲೆ ತೆಗೆಸಬಹುದು. ಕೆಲವು ರಾಜ್ಯಗಳಲ್ಲಿ ಆರೋಗ್ಯ ಇಲಾಖೆಯೇ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ರಿಜಿಸ್ಟರ್ ಇಲ್ಲ. ಕೋರ್ಟು ಕೊಟ್ಟ ತೀರ್ಪು ಮತ್ತು ಅದರ ಡಿಕ್ರಿಯೇ ದಾಖಲೆ. ಗುಜರಾತಿಯಲ್ಲಿ ತೀರ್ಪಿಗೆ 'ಚುಕಾದೋ', ಡಿಕ್ರಿಗೆ 'ಹುಕಮ್‌ನಾಮು' ಎನ್ನುತ್ತಾರೆ. ಉತ್ತರ ಕರ್ನಾಟಕದ ಹಳಬರಿಗೆ 'ಹುಕುಂನಾಮೆ' ಎಂಬ ಮಾತು ಗೊತ್ತಿರುವುದರಿಂದ ಇದು ಹೊಸದೆನಿಸದು. ಅರ್ಜಿ ಬರೆಯುವಾಗ ಎರಡನ್ನೂ ಕೇಳಬೇಕು. ಕೇವಲ ಡಿಕ್ರಿ ಒಂದೆರಡು ಪುಟದ್ದು. ಮಕ್ಕಳ ಜವಾಬ್ದಾರಿ, ಜೀವನಾಂಶ ಇತ್ಯಾದಿಗಳ ಕಾರಣಗಳು ತೀರ್ಪಿನಲ್ಲಿರುತ್ತವೆ.

ಕಾನೂನಿನಲ್ಲೇ ಇರುವ ಒಂದು ಸೌಕರ್ಯ ಬಹಳ ಮಂದಿಗೆ ತಿಳಿಯದು. 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನ ಪ್ರಕಾರ ವಿಚ್ಛೇದನದ ಡಿಕ್ರಿಯಾದಾಗ ಇಬ್ಬರಿಗೂ ಒಂದೊಂದು ಪ್ರತಿಯನ್ನು ಕೋರ್ಟು ಉಚಿತವಾಗಿ ಕೊಡಬೇಕು. ಇವತ್ತು ಕೇಸು ಮುಗಿಸಿಕೊಳ್ಳುವವರು ವಕೀಲರ ಕಚೇರಿಯಲ್ಲೇ ಅದನ್ನು ಬಿಟ್ಟು ಬರದೆ ಕೇಳಿ ಪಡೆದುಕೊಳ್ಳಬೇಕು.

ನಂಬರ್ ಇಲ್ಲದೆ ಹುಡುಕುವುದು

ಕೇಸಿನ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಗೊತ್ತಿಲ್ಲದವರು ಮೊದಲು ಮನೆಯನ್ನೇ ಜಾಲಾಡಬೇಕು. ಹಳೆಯ ಸಮನ್ಸ್, ವಕೀಲರು ಕೊಟ್ಟ ರಸೀದಿ, ಮುಂದಿನ ತಾರೀಕು ಗೀಚಿದ ಚೀಟಿ, ತಂದೆಯ ಡೈರಿ ಇವುಗಳಲ್ಲಿ ಎಲ್ಲಾದರೂ ಒಂದು ನಂಬರ್ ಇದ್ದೇ ಇರುತ್ತದೆ. ಎದುರು ಪಕ್ಷದವರ ಬಳಿಯೂ ಒಂದು ಪ್ರತಿ ಇದ್ದೀತು. ಇಪ್ಪತ್ತು ವರ್ಷದ ನಂತರ ಅವರನ್ನು ಕೇಳಲು ಮನಸ್ಸು ಒಪ್ಪದಿರುವುದು ಸಹಜ; ಆದರೆ ಇಬ್ಬರಿಗೂ ಗುರುತಿನ ಹಿರಿಯರೊಬ್ಬರ ಮೂಲಕ ಬರೀ ನಂಬರ್ ಕೇಳಿದರೆ ಕೊಡುವವರೂ ಉಂಟು. ವಕೀಲರು ತೀರಿಕೊಂಡಿದ್ದರೆ ಅವರ ಕೈಕೆಳಗೆ ಕೆಲಸ ಕಲಿತವರು ಯಾರು ಎಂದು ಬಾರ್ ರೂಮಿನಲ್ಲಿ ವಿಚಾರಿಸಬಹುದು. ಹಳೆಯ ಕೇಸಿನ ಡೈರಿಗಳು ಹಾಗೆಯೇ ಕೈ ಬದಲಾಗಿ ಉಳಿದಿರುತ್ತವೆ.

ನಂಬರಿನ ಮುಂದೆ ಇರುವ ಅಕ್ಷರಗಳನ್ನೂ ಗಮನಿಸಬೇಕು. ಕರ್ನಾಟಕದಲ್ಲಿ ಇಂಥ ಕೇಸುಗಳಿಗೆ 'ಎಂ.ಸಿ.' ಎಂದು ಬರೆಯುವ ರೂಢಿ. ಗುಜರಾತಿನಲ್ಲಿ ಹಳೆಯ ಕೇಸುಗಳಲ್ಲಿ 'ಎಚ್.ಎಂ.ಪಿ.' ಎಂದೂ ಕುಟುಂಬ ನ್ಯಾಯಾಲಯದ ಕೇಸುಗಳಲ್ಲಿ 'ಫ್ಯಾಮಿಲಿ ಸೂಟ್' ಎಂದೂ ಇರುತ್ತದೆ. ಈ ವ್ಯತ್ಯಾಸದಿಂದ ದಾಖಲೆ ಎಲ್ಲಿರಬಹುದೆಂಬ ಸುಳಿವು ಸಿಗುತ್ತದೆ. ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಆದರೆ ಎಲ್ಲ ಊರಿನಲ್ಲೂ ಆ ಕೋರ್ಟುಗಳು ಒಮ್ಮೆಲೇ ತೆರೆಯಲಿಲ್ಲ. ತೆರೆದ ದಿನ ನಡೆಯುತ್ತಿದ್ದ ಕೇಸುಗಳು ಅಲ್ಲಿಗೆ ವರ್ಗವಾದವು. ಅದಕ್ಕೂ ಮೊದಲೇ ಮುಗಿದಿದ್ದ ಕೇಸಿನ ಕಟ್ಟನ್ನು ಅಠವಾ ಲೈನ್ಸ್‌ನಲ್ಲಿರುವ ಜಿಲ್ಲಾ ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ ಕೇಳಬೇಕಾಗುತ್ತದೆ. ಕುಟುಂಬ ನ್ಯಾಯಾಲಯದಲ್ಲಿ 'ಇಲ್ಲ' ಎಂದರೆ ದಾಖಲೆಯೇ ಇಲ್ಲ ಎಂದರ್ಥವಲ್ಲ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಮತ್ತು ಅದರ ಮೊಬೈಲ್ ಆ್ಯಪಿನಲ್ಲಿ ಪಕ್ಷಗಾರರ ಹೆಸರು, ವರ್ಷ ಹಾಕಿ ಹುಡುಕುವ ವ್ಯವಸ್ಥೆ ಇದೆ. ಮುಗಿದ ಕೇಸುಗಳನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಪ್ರತಿ ಕೇಸಿಗೂ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಗುಜರಾತಿನದಾದರೆ 'ಜಿಜೆ', ಕರ್ನಾಟಕದ್ದಾದರೆ 'ಕೆಎ' ಎಂದು ಶುರುವಾಗುತ್ತದೆ. ಈಚಿನ ಕೇಸುಗಳಿಗೆ ಇದು ಬಲು ಅನುಕೂಲ. ಗಣಕೀಕರಣಕ್ಕೆ ಮುಂಚೆ ಮುಗಿದವು ಅಲ್ಲಿ ಕಾಣದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಕನ್ನಡಿಗರು ಎಡವುವುದು ಹೆಸರಿನಲ್ಲಿ. ನಾವು ಇಂಗ್ಲಿಷ್‌ನಲ್ಲಿ 'ಗೀತಾ', 'ಲತಾ' ಎಂದು ಬರೆಯುವಾಗ 'ಟಿ' ಮುಂದೆ 'ಎಚ್' ಹಾಕುತ್ತೇವೆ. ಗುಜರಾತಿ ಗುಮಾಸ್ತರು ಹಾಕುವುದಿಲ್ಲ. 'ಗೀ'ಗೆ ನಾವು ಎರಡು 'ಇ', ಅವರು ಒಂದು 'ಐ'. ನಮ್ಮ ಇನಿಶಿಯಲ್ ಅವರಿಗೆ ಅರ್ಥವಾಗದು. ಹೆಸರು, ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬಿಡಿಸಿ ಬರೆದಿರುತ್ತಾರೆ. ಮೇಲೆ ಗೌರವಕ್ಕೆಂದು 'ಬೆನ್' ಸೇರಿಸುವ ಪದ್ಧತಿ ಬೇರೆ. ಊರಿನ ಶಾಲಾ ದಾಖಲೆಯ ಗೀತಾ ಕೋರ್ಟಿನಲ್ಲಿ ಗೀತಾಬೆನ್ ಆಗಿರುತ್ತಾಳೆ. ಆದ್ದರಿಂದ ಒಂದೇ ಕಾಗುಣಿತ ಹಾಕಿ 'ಸಿಗಲಿಲ್ಲ' ಎಂದು ಕೈಚೆಲ್ಲದೆ ನಾಲ್ಕೈದು ಬಗೆಯಲ್ಲಿ ಹುಡುಕಬೇಕು. ಗಂಡನ ಹೆಸರಿನಿಂದಲೂ ನೋಡಬೇಕು. ದಾಖಲೆ ಸಿಕ್ಕಿದ ಮೇಲೆ 'ಗೀತಾಬೆನ್ ಮತ್ತು ಗೀತಾ ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್ ಪಿಂಚಣಿ ಕಚೇರಿಗೆ ಬೇಕಾಗಬಹುದು.

ಜಾಲತಾಣದಲ್ಲಿ ಇಲ್ಲದ್ದನ್ನು ರಿಜಿಸ್ಟರಿನಲ್ಲಿ ಹುಡುಕಿಸಬೇಕು. ಕೇಸು ದಾಖಲಾದ ವರ್ಷ ಖಚಿತವಿದ್ದಷ್ಟೂ ಇದು ಸಲೀಸು. 'ಮಳೆಗಾಲದಲ್ಲಿ ಕೋರ್ಟಿಗೆ ಹೋಗುತ್ತಿದ್ದೆವು, ಮಗ ಆಗ ಒಂದನೇ ಕ್ಲಾಸು' ಎಂಬಂಥ ನೆನಪೂ ವರ್ಷ ಗೊತ್ತುಮಾಡಲು ಸಹಾಯಕ. ಕೋರ್ಟುಗಳು ಕೇಸಿನ ಎಲ್ಲ ಕಾಗದಗಳನ್ನು ಸದಾಕಾಲ ಇಡುವುದಿಲ್ಲ. ಸಾಕ್ಷ್ಯ, ಪತ್ರವ್ಯವಹಾರ ಮುಂತಾದವನ್ನು ನಿಗದಿತ ಅವಧಿಯ ನಂತರ ನಾಶ ಮಾಡುತ್ತಾರೆ. ತೀರ್ಪು, ಡಿಕ್ರಿಗಳನ್ನು ಅವಕ್ಕಿಂತ ಬಹುಕಾಲ ಕಾಯುತ್ತಾರೆ ಎಂಬುದೇ ಸಮಾಧಾನ. ಮದುವೆಯ ಮೂಲ ಫೋಟೋ, ಲಗ್ನಪತ್ರಿಕೆ ಕೋರ್ಟಿಗೆ ಕೊಟ್ಟವರು ಅವನ್ನು ಕೇಸು ಮುಗಿದ ಬಳಿಕ ವಾಪಸು ಪಡೆಯುವುದು ಒಳಿತು.

'ನಕಲ್' ಅರ್ಜಿ

ಕೋರ್ಟಿನ ದೃಢೀಕೃತ ಪ್ರತಿಗೆ ಇಲ್ಲಿ 'ನಕಲ್' ಎಂದೇ ಹೆಸರು. 'ನಕಲಿ' ಎಂದು ಹೆದರಬೇಕಾಗಿಲ್ಲ! ಅರ್ಜಿಯಲ್ಲಿ ಕೇಸಿನ ನಂಬರ್, ಪಕ್ಷಗಾರರ ಹೆಸರು, ಕೋರ್ಟು, ಮುಗಿದ ತಾರೀಕು, ಬೇಕಾದ ಕಾಗದಗಳ ವಿವರ ಬರೆದು, ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ಕೊಡಬೇಕು. ಪುಟಗಳ ಲೆಕ್ಕದಲ್ಲಿ ಶುಲ್ಕ ಹೇಳುತ್ತಾರೆ. ಅದನ್ನು ಕಟ್ಟಿದ ರಸೀದಿ ಜೋಪಾನ. ಕಟ್ಟು ರೆಕಾರ್ಡ್ ರೂಮಿಗೆ ಹೋಗಿದ್ದರೆ ತರಿಸಲು ದಿನ ಹಿಡಿಯುತ್ತದೆ. ಮಿಲ್ಲಿಗೆ ಒಂದು ದಿನ ರಜೆ ಹಾಕಿ ಹೋಗಿ ಸಂಜೆಗೆ ಪ್ರತಿ ಹಿಡಿದು ಬರುತ್ತೇನೆ ಎಂದುಕೊಂಡರೆ ನಿರಾಶೆಯೇ. ಸ್ವತಃ ಹೋಗಲಾಗದವರು ವಕೀಲರ ಮೂಲಕ ಅರ್ಜಿ ಹಾಕಿಸಬಹುದು.

ಖರ್ಚಿಗೆ ಹೆದರಿ ಸುಮ್ಮನಾಗುವ ಮಹಿಳೆಯರು ಒಂದು ವಿಷಯ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಉಂಟು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ; ಸಹಾಯವಾಣಿ 15100. ಅಲ್ಲಿ ಹೋಗಿ ಗುಜರಾತಿ ಬಾರದೆಂದು ಹೇಳಿಕೊಳ್ಳಲು ಸಂಕೋಚ ಬೇಡ, ಹಿಂದಿಯಲ್ಲಿ ಮಾತು ಸಾಗುತ್ತದೆ. ಸಂಘದ ಗುಜರಾತಿ ಓದು-ಬರಹ ಬಲ್ಲ ಯುವಕರು ಇಂಥವರ ಜತೆ ಒಂದು ಬೆಳಿಗ್ಗೆ ಹೋಗಿ ಬಂದರೆ ಅದು ವಾರ್ಷಿಕೋತ್ಸವದ ಸನ್ಮಾನಕ್ಕಿಂತ ಕಡಿಮೆಯ ಸೇವೆಯೇನಲ್ಲ.

ಬೇರೆಯವರ ದಾಖಲೆ ಕೇಳುವವರಿಗೆ

ವಧು-ವರರ ವಿಚಾರಣೆ ಮಾಡುವಾಗ 'ಹುಡುಗನಿಗೆ ನಿಜವಾಗಿ ಡೈವೋರ್ಸ್ ಆಗಿದೆಯೇ, ಸ್ವಲ್ಪ ಕೋರ್ಟಿನಲ್ಲಿ ನೋಡಿಸಿ' ಎಂದು ಸಂಘದ ಪದಾಧಿಕಾರಿಗಳಿಗೆ ಗಂಟುಬೀಳುವವರುಂಟು. ಇದರಲ್ಲಿ ಎಚ್ಚರ ಬೇಕು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು ಇಂಥ ಕೇಸುಗಳ ವಿಚಾರಣೆ ಗುಟ್ಟಾಗಿ ನಡೆಯಬೇಕೆಂದೂ, ಕೋರ್ಟಿನ ಅನುಮತಿಯಿಲ್ಲದೆ ಅದರ ವಿವರ ಅಚ್ಚು ಹಾಕಿ ಪ್ರಕಟಿಸಿದರೆ 1,000 ರೂಪಾಯಿವರೆಗೆ ದಂಡವೆಂದೂ ಹೇಳುತ್ತದೆ. ಪಕ್ಷಗಾರರಲ್ಲದವರು ಹೋಗಿ ಕೇಳಿದರೆ ಪ್ರತಿ ಕೊಡಬೇಕೆಂದಿಲ್ಲ. ಸರಿಯಾದ ದಾರಿ ನೇರವಾದದ್ದು: ಮಾತುಕತೆಯ ಮೊದಲ ದಿನವೇ ಹುಡುಗನ ಕಡೆಯವರಿಂದ ದೃಢೀಕೃತ ಪ್ರತಿ ಕೇಳುವುದು. ಕೊಡಲು ತಕರಾರು ತೆಗೆದರೆ ಅಲ್ಲೇ ಉತ್ತರ ಸಿಕ್ಕಂತೆ.

ಪ್ರತಿ ಕೈಗೆ ಬಂದ ಮೇಲೂ ತಾರೀಕು ನೋಡಬೇಕು. ಒಪ್ಪಿಗೆಯ ವಿಚ್ಛೇದನವಾದರೆ ಕುಟುಂಬ ನ್ಯಾಯಾಲಯದ ಆದೇಶಕ್ಕೆ ಅಪೀಲು ಇಲ್ಲ. ಜಗಳದ ಕೇಸಾದರೆ ಅಪೀಲಿನ ಅವಧಿ ಮುಗಿಯಬೇಕು, ಅಪೀಲು ಹಾಕಿದ್ದರೆ ಅದು ವಜಾ ಆಗಿರಬೇಕು; ಆಮೇಲೆಯೇ ಮರುಮದುವೆ. ಈ ಅವಧಿಯನ್ನು 2003ರಲ್ಲಿ ಹಿಂದೂ ವಿವಾಹ ಕಾಯ್ದೆಯಲ್ಲಿ 30 ದಿನದಿಂದ 90 ದಿನಕ್ಕೆ ಏರಿಸಲಾಯಿತು. ಕುಟುಂಬ ನ್ಯಾಯಾಲಯಗಳ ಕಾಯ್ದೆಯಲ್ಲಿ ಮಾತ್ರ ಇಂದಿಗೂ 30 ಎಂದೇ ಇದೆ. 2016ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ 90 ದಿನವೇ ಅನ್ವಯ ಎಂದಿತು. ಮಂಟಪ ಬುಕ್ ಮಾಡುವವರು 90 ದಿನ ಎಣಿಸುವುದೇ ಕ್ಷೇಮ.

ಛಾಪಾ ಕಾಗದದ 'ಬಿಡುಗಡೆ'

ಇನ್ನು ಕೋರ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದ ವಿಚ್ಛೇದನಗಳಿವೆ. ಯಾಕೆಂದರೆ ಅವು ಕೋರ್ಟಿಗೆ ಹೋದದ್ದೇ ಇಲ್ಲ. ಊರ ಕಡೆ ಸೋಡಚೀಟಿ, ಇಲ್ಲಿ ಫಾರಗತಿ, ಎರಡೂ ಕಡೆಯ ಹಿರಿಯರು ಕುಳಿತು ಛಾಪಾ ಕಾಗದದಲ್ಲಿ ಬರೆಸಿ ನೋಟರಿಯ ಮುದ್ರೆ ಒತ್ತಿಸಿದ ಪತ್ರ. ಎಷ್ಟೋ ಮನೆಗಳಲ್ಲಿ 'ಡೈವೋರ್ಸ್ ಪೇಪರ್' ಎಂದು ತೋರಿಸುವುದು ಇದನ್ನೇ. ಹಿಂದೂ ವಿವಾಹ ಕಾಯ್ದೆ ಸಮಾಜದ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಹೇಳಿಕೊಂಡವರೇ ಅದನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ. ನೋಟರಿಗಳು ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವಂತಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯವೂ 2024ರ ಅಕ್ಟೋಬರ್‌ನಲ್ಲಿ ತಿಳಿಸಿತು. ಆ ಪತ್ರವನ್ನೇ ನಂಬಿ ಮರುಮದುವೆಯಾದವರ ಎರಡನೆಯ ಮದುವೆ ಕಾನೂನಿನ ಕಣ್ಣಿನಲ್ಲಿ ಶೂನ್ಯವಾಗಬಹುದು. ಮೊದಲ ಸಂಗಾತಿ ದೂರು ಕೊಟ್ಟರೆ ದ್ವಿಪತ್ನಿತ್ವದ ಮೊಕದ್ದಮೆಯೂ ಆದೀತು. ಇಂಥ ಪತ್ರವೊಂದೇ ಕೈಯಲ್ಲಿರುವವರು, ಇಬ್ಬರೂ ಇನ್ನೂ ಇದ್ದು ಒಪ್ಪುವುದಾದರೆ, ಈಗಲಾದರೂ ಕೋರ್ಟಿನ ಡಿಕ್ರಿ ಪಡೆದುಕೊಳ್ಳುವುದು ಲೇಸು.

ಮಗನಿಗೆ ಅಮೆರಿಕದ ಕೋರ್ಟಿನಲ್ಲಿ ಡೈವೋರ್ಸ್ ಆಗಿದೆ ಎನ್ನುವವರಿಗೂ ಒಂದು ಮಾತು. ಇಲ್ಲಿಯ ಹಿಂದೂ ವಿವಾಹಕ್ಕೆ ಅಲ್ಲಿಯ ಡಿಕ್ರಿ ತಾನಾಗಿ ಅನ್ವಯಿಸುವುದಿಲ್ಲ. ಎದುರು ಪಕ್ಷ ಅಲ್ಲಿಯ ಕೋರ್ಟಿಗೆ ಒಪ್ಪಿ ಹಾಜರಾಗಿತ್ತೇ, ಕಾರಣ ನಮ್ಮ ಕಾಯ್ದೆಯಲ್ಲಿ ಇರುವುದೇ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಹೊಸದಾಗಿ ಅರ್ಜಿ ಹಾಕುವುದಾದರೆ

ಎಲ್ಲಿ ಹಾಕಬೇಕು ಎಂಬುದೇ ಮೊದಲ ಪ್ರಶ್ನೆ. ಮದುವೆ ನಡೆದ ಊರು, ಎದುರು ಪಕ್ಷ ಇರುವ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ ಊರು, ಇವುಗಳಲ್ಲಿ ಎಲ್ಲಿಯಾದರೂ ಆದೀತು. 2003ರ ತಿದ್ದುಪಡಿಯ ನಂತರ, ಅರ್ಜಿ ಹಾಕುವವಳು ಹೆಂಡತಿಯಾದರೆ ತಾನು ಈಗ ಇರುವ ಊರಿನಲ್ಲೂ ಹಾಕಬಹುದು. ಸಚಿನ್‌ನಲ್ಲಿ ಸಂಸಾರ ಮಾಡಿ ಕುಂದಾಪುರದ ತವರಿಗೆ ಹೋದ ಮಗಳು ಸೂರತ್‌ವರೆಗೆ ಬರಬೇಕಾಗಿಲ್ಲ. ಗಂಡನೇ ಮೊದಲು ಸೂರತ್‌ನಲ್ಲಿ ಹಾಕಿಬಿಟ್ಟರೆ ಮಾತ್ರ ಕಷ್ಟ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸು ವರ್ಗಾಯಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು.

ಒಪ್ಪಿಗೆಯ ಅರ್ಜಿಗೆ ಕನಿಷ್ಠ ಒಂದು ವರ್ಷ ಬೇರೆ ಬಾಳಿರಬೇಕು. ಆ ಮೇಲೆ ಆರು ತಿಂಗಳು ಕಾಯುವ ನಿಯಮವನ್ನು ತಕ್ಕ ಕಾರಣವಿದ್ದರೆ ಕೋರ್ಟು ಬಿಡಬಹುದೆಂದು 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಲಗ್ನಪತ್ರಿಕೆ, ಫೋಟೋ, ನೋಂದಣಿ ಪತ್ರ, ವಿಳಾಸದ ಪುರಾವೆ ಬೇಕು. ಜೀವನಾಂಶ ಕೇಳುವಲ್ಲಿ, 2020ರ ನವೆಂಬರ್‌ನ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ-ಆದಾಯದ ಅಫಿಡವಿಟ್ ಕೊಡಬೇಕು. ಕೆಳಗಿನ ಕೋರ್ಟುಗಳ ಭಾಷೆ ಗುಜರಾತಿ. ಓದಲು ಬಾರದವರು ಸಹಿ ಹಾಕುವ ಮುನ್ನ ಪ್ರತಿ ಸಾಲನ್ನೂ ಹಿಂದಿಯಲ್ಲೋ ಕನ್ನಡದಲ್ಲೋ ಹೇಳಿಸಿಕೊಳ್ಳಬೇಕು. 'ವಕೀಲರು ಬರೆದದ್ದು ಸರಿಯಿರುತ್ತದೆ' ಎಂದು ಸಹಿ ಹಾಕಿ, ಸ್ತ್ರೀಧನವೆಲ್ಲ ವಾಪಸು ಬಂತು ಎಂಬ ಸಾಲನ್ನು ಆಮೇಲೆ ಕಂಡರೆ ಉಪಯೋಗವಿಲ್ಲ.

ಮೇಲೆ ಹೇಳಿದ ರೈಲ್ವೆ ನೌಕರನ ಮಗಳಿಗೆ 'ನಕಲ್' ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ಗುಜರಾತಿಯಲ್ಲಿರುತ್ತದೆ. ಪಿಂಚಣಿ ಕಚೇರಿ ಸೂರತ್‌ನಲ್ಲೋ ಮುಂಬಯಿಯಲ್ಲೋ ಇದ್ದರೆ ಹಾಗೆಯೇ ನಡೆದೀತು. ಕಾಗದ ಕರ್ನಾಟಕಕ್ಕೆ ಹೋಗಬೇಕಾದರೆ ಇಂಗ್ಲಿಷ್ ಅನುವಾದ ಬೇಕು, ಯಾರು ಮಾಡಿದ ಅನುವಾದ ಒಪ್ಪುತ್ತಾರೆಂದು ಆ ಕಚೇರಿಯಲ್ಲೇ ಮುಂಚಿತವಾಗಿ ಕೇಳಿಕೊಳ್ಳಬೇಕು. ಜತೆಗೆ ತಂದೆಯ ಪಿಂಚಣಿ ಆದೇಶದ ಸಂಖ್ಯೆ, ಇಬ್ಬರ ಮರಣ ಪ್ರಮಾಣಪತ್ರ, ತನ್ನ ಆದಾಯದ ದಾಖಲೆ, ಮರುಮದುವೆ ಆಗಿಲ್ಲವೆಂಬ ಘೋಷಣೆ. ಅರ್ಜಿ ಹಾಕುವಾಗಲೇ ಮೂರು ಪ್ರತಿ ಕೇಳುವುದು ಜಾಣತನ: ಒಂದನ್ನು ಕಚೇರಿಯವರು ಇಟ್ಟುಕೊಳ್ಳುತ್ತಾರೆ, ಒಂದು ಅನುವಾದಕರ ಬಳಿ ಹೋಗುತ್ತದೆ, ಮೂರನೆಯದು ಮನೆಯಲ್ಲಿರಲಿ. ಈ ಸಲ ಟ್ರಂಕಿನ ತಳದಲ್ಲಿ ಬೇಡ, ಮೇಲಿನ ಅಟ್ಟದಲ್ಲಿ.